ಕಳಿ ಸುಣ್ಣ

೧೯೫೭ರಲ್ಲಿ ನಾನು ನಿಲಂಗಾದ ದನದ ದವಾಖಾನೆಯಲ್ಲಿ ಸ್ಟಾಕ್‌ಮನ್ ಆಗಿದ್ದೆ. ಸ್ಟಾಕ್‌ಮನ್ ಎಂದರೆ ಪಶುವೈದ್ಯನಲ್ಲ. ವೈದ್ಯರ ಕೈಕೆಳಗೆ ಊರೂರು ತಿರುಗಿ ಚುಚ್ಚುಮದ್ದು ಹಾಕುವವನು, ಹುಣ್ಣು ತೊಳೆಯುವವನು, ಒದೆ ತಿನ್ನುವವನು. ಪೊಲೀಸ್ ಆ್ಯಕ್ಷನ್ ಆದ ಸ್ವಲ್ಪ ದಿನಕ್ಕೇ ಹೈದರಾಬಾದ್ ಸರ್ಕಾರದ ಕೆಲಸಕ್ಕೆ ಸೇರಿದ್ದೆ; ತರಬೇತಿ ಉರ್ದುವಿನಲ್ಲಿ ಆಗಿತ್ತು. ರಾಜ್ಯಗಳನ್ನು ಹೊಸದಾಗಿ ಹಂಚಿದಾಗ ಬೀದರ್ ಮೈಸೂರಿಗೆ ಹೋಯಿತು, ನಿಲಂಗಾ ಉದಗೀರಗಳು ಮುಂಬಯಿ ರಾಜ್ಯಕ್ಕೆ ಬಂದವು. ನಮ್ಮ ಮನೆ ಆ ಕಡೆ ಉಳಿಯಿತು, ನೌಕರಿ ಈ ಕಡೆ. ಕಚೇರಿಯ ಉರ್ದು ಹೋಗಿ ಮರಾಠಿ ಬಂತು. ಹಳ್ಳಿಯವರು ಮಾತ್ರ ಯಾವ ಹಂಚಿಕೆಯನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳದೆ ನನ್ನನ್ನು ನಿಜಾಮನ ಕಾಲದ ಹೆಸರಿನಲ್ಲೇ 'ಸಲೋತ್ರಿ ಸಾಬ' ಎಂದು ಕರೆಯುತ್ತಿದ್ದರು. ದನದ ಡಾಕ್ಟರಿಗೆ ಉರ್ದುವಿನವರು ಇಟ್ಟ ಹೆಸರು ಅದು. ಡಾಕ್ಟರಲ್ಲದ ನನಗೆ ಅದು ದೊಡ್ಡ ಅಂಗಿಯೇ ಸರಿ, ಆದರೆ ತೊಟ್ಟುಕೊಂಡಿದ್ದೆ.

ಆ ವರ್ಷ ನಮ್ಮ ಬ್ಲಾಕಿಗೆ ಹಿತ್ತಲ ಕೋಳಿ ಸಾಕಣೆಯ ಯೋಜನೆ ಬಂತು. ಬಡ ಮನೆಗಳಿಗೆ ವೈಟ್ ಲೆಗ್‌ಹಾರ್ನ್ ಜಾತಿಯ ಬಿಳಿ ಕೋಳಿ ಕೊಡುವುದು, ಅವನ್ನು ಬೀದಿಗೆ ಬಿಡದೆ ಹಿತ್ತಲಲ್ಲೇ ಬೇಲಿ ಕಟ್ಟಿ ಸಾಕಿಸುವುದು. ಕೋಳಿ ಕೊಡುವುದು ಸುಲಭ, ಬೇಲಿ ಕಟ್ಟುವುದೂ ಸುಲಭ. ಬೇಲಿಯ ಒಳಗೆ ನೆಲಕ್ಕೆ ಏನು ಹಾಸಬೇಕು ಎನ್ನುವುದೇ ಕಷ್ಟ. ಕೋಳಿ ಹಗಲೆಲ್ಲ ನಿಂತಲ್ಲೇ ಹಿಕ್ಕೆ ಹಾಕುತ್ತದೆ, ನೆಲ ಕೆದರುತ್ತದೆ, ಕೆದರಿದ್ದನ್ನೇ ತಿನ್ನುತ್ತದೆ. ಹಾಸು ಒಣಗಿದ್ದರೆ ಕೋಳಿಗೆ ಆಯುಷ್ಯ, ಹಸಿಯಾದರೆ ರೋಗ ಮತ್ತು ನಾತ. ಈ ಹಾಸನ್ನು ಇಲಾಖೆಯಲ್ಲಿ ಲಿಟರ್ ಎನ್ನುತ್ತಾರೆ. ನಮ್ಮ ಕಡೆಯದೋ ಎರೆಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಕಾಲಿನ ಚಪ್ಪಲಿಯನ್ನೇ ಕಿತ್ತಿಟ್ಟುಕೊಳ್ಳುತ್ತದೆ.

ಪ್ರಾತ್ಯಕ್ಷಿಕೆಗೆಂದು ಮೊದಲ ಕೋಳಿಗಳು ಸಿಕ್ಕಿದ್ದು ನಿಲಂಗಾದಿಂದ ಉದಗೀರದ ಕಡೆ ಹೋಗುವ ದಾರಿಯ ಒಂದು ಹಳ್ಳಿಯ ಲಕ್ಕವ್ವನಿಗೆ. ಊರಿನ ಹೆಸರು ಬೇಡ. ಆ ಹೆಸರನ್ನು ಇಲಾಖೆ ಸಾಕಷ್ಟು ಕೆಡಿಸಿದೆ. ಲಕ್ಕವ್ವ ಬೀರಪ್ಪನ ಒಕ್ಕಲು, ಕುರಿಯವರ ಮನೆಯವಳು. ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದವಳು. ಗಂಡ ಸತ್ತದ್ದೂ ದಾರಿಯಲ್ಲೇ. ಒಮ್ಮೆ ಹಳ್ಳ ದಾಟುವಾಗ ಜಾರಿ ಬಿದ್ದು ಬಲಗಾಲಿನ ಹಿಮ್ಮಡ ಮುರಿಯಿತು, ಮುರಿದದ್ದು ಓರೆಯಾಗಿ ಕೂಡಿಕೊಂಡಿತು. ಹಿಂಡು ಈಗ ಮೈದುನನದು. ಕುಂಟುವವಳನ್ನು ಊರಲ್ಲಿ ಕೂರಿಸಿ ಕೂಳು ಹಾಕಲು ಅವನು ತಯಾರಿರಲಿಲ್ಲ. ಮೊದಲ ದಿನವೇ ಆಕೆ ನನಗೆ ಮುಚ್ಚುಮರೆಯಿಲ್ಲದೆ ಹೇಳಿದ್ದಳು.

"ಸಲೋತ್ರಿ ಸಾಬ್, ಈ ಕೋಳಿ ನಿಂತ್ರ ನಾ ಊರಾಗ ನಿಲ್ತೀನ್ರೀ. ಇಲ್ಲಂದ್ರ ಈ ಕಾಲ ಎಳಕೊಂತ ಮತ್ತ ಕುರಿ ಹಿಂದ ಹೋಗಬೇಕು."

ಅಡ್ಡಿ ಇದ್ದದ್ದು ಹಿತ್ತಲ ಗೋಡೆಯ ಆಚೆ. ಅದು ರೇವಣಪ್ಪನವರ ದನದ ಕೊಟ್ಟಿಗೆ. ರೇವಣಪ್ಪನವರು ಲಿಂಗ ಕಟ್ಟಿದವರು, ತಲೆತಲಾಂತರದಿಂದ ಹೊಲ ಇದ್ದವರು, ಕೊಟ್ಟಿಗೆಯಲ್ಲಿ ದೇವಣಿ ತಳಿಯ ಎತ್ತುಗಳನ್ನು ಮಕ್ಕಳಿಗಿಂತ ಹೆಚ್ಚು ಮುದ್ದಿನಿಂದ ಸಾಕಿದವರು. ಗೋಡೆಗೆ ಹತ್ತಿಕೊಂಡೇ ಕೋಳಿ ಸಾಕುತ್ತಾರೆ ಎಂದು ಕೇಳಿದ್ದೇ ಪಂಚರನ್ನು ಕರೆಸಿದರು. ಬಹಳ ಮಾತಾದ ಮೇಲೆ ಒಂದು ಕರಾರಿಗೆ ಬಂದರು.

"ಸಾಕಲಿ, ನಾ ಬ್ಯಾಡ ಅನ್ನಲ್ಲ. ಆದ್ರ ನಮ್ಮ ಕೊಟ್ಟಗಿಗಿ ನಾತ ಬಂದ ದಿನ ಕೋಳಿ ಊರ ಹೊರಗ."

ಹೀಗೆ ನೆಲದ ಹಾಸಿನ ಮೇಲೆ ಒಬ್ಬ ಹೆಣ್ಣುಮಗಳ ಠಿಕಾಣಿ ನಿಂತಿತು. ನನಗೆ ಗೊತ್ತಿದ್ದ ಮಟ್ಟಿಗೆ ಜಗತ್ತಿನ ಯಾವ ಹಾಸಿಗೂ ಅಷ್ಟು ಭಾರ ಬಿದ್ದಿರಲಿಕ್ಕಿಲ್ಲ.

ಮೇಲಿನಿಂದ ಬಂದ ಸುತ್ತೋಲೆಯಲ್ಲಿ ಹುಲ್ಲು ಬೆಳೆಸಿರಿ ಎಂದಿತ್ತು. ಬರೆದವರು ಕೋಳಿಯನ್ನು ತಟ್ಟೆಯಲ್ಲಿ ಮಾತ್ರ ಕಂಡವರಿರಬೇಕು. ಆಜ್ಞೆ ಆಜ್ಞೆಯೇ, ಗರಿಕೆ ತಂದು ನೆಟ್ಟೆವು, ಲಕ್ಕವ್ವ ದೂರದ ಬಾವಿಯಿಂದ ನೀರು ಹೊತ್ತು ಹಾಕಿದಳು. ಕೋಳಿಗಳು ಚಿಗುರು ತಿಂದವು, ಕಡ್ಡಿ ತಿಂದವು, ಕೊನೆಗೆ ಬೇರು ಕೆದರಿ ತೆಗೆದು ಗುಂಡಿಯಲ್ಲಿ ಮಲಗಿ ಧೂಳಿನ ಸ್ನಾನ ಮಾಡಿದವು. ಆಮೇಲೆ ಶೇಂಗಾ ಸಿಪ್ಪೆ ಹಾಕಿದೆವು. ಮೊದಲ ಮಳೆಯ ತೇವಕ್ಕೆ ಬೂಷ್ಟು ಹಿಡಿಯಿತು. ಬೂಷ್ಟಿನ ಧೂಳು ಕೋಳಿಯ ಎದೆಗೆ ಕೆಟ್ಟದ್ದು ಎಂದು ಅದನ್ನೂ ತೆಗೆಸಿದೆ. ಕುಸುಬಿ ಹೊಟ್ಟಿನಲ್ಲಿ ಮುಳ್ಳು, ಕೋಳಿಯ ಅಂಗಾಲು ಬಾತುಕೊಳ್ಳುತ್ತದೆ. ಜೋಳದ ಕಣಿಕೆ ಕೊಚ್ಚಿ ಹಾಕೋಣ ಎಂದು ಒಂದು ಹೊರೆ ಇಳಿಸುತ್ತಿದ್ದಂತೆ ಗೋಡೆಯ ಮೇಲೆ ರೇವಣಪ್ಪನವರ ರುಮಾಲು ಕಾಣಿಸಿತು.

"ಏನ್ರೀ ಸಲೋತ್ರಿ, ದನದ ಬಾಯಾಗಿಂದು ತಗದು ಕೋಳಿ ಕಾಲಾಗ ಹಾಕ್ತೀರೇನು? ನಿಮ್ಮ ಇಲಾಖಾದ ಹೆಸರರೇ ನೆನಸ್ರಿ!"

ಮಾತು ಸರಿಯಾಗಿತ್ತು. ನಾನು ತಲೆ ತಗ್ಗಿಸಿ ಹೊರೆ ಕಟ್ಟಿಸಿದೆ. ಅವರು ಹೋಗದೆ ಗೋಡೆಯ ಮೇಲೆ ಮೊಣಕೈ ಊರಿ ಇನ್ನೂ ಗೊಣಗುತ್ತಿದ್ದರು. ಗೊಣಗುತ್ತಲೇ ತಮ್ಮ ಕಣದ ಮೂಲೆಯ ರಾಶಿಯ ಕಡೆಗೆ ಕೈ ತೋರಿಸಿದರು.

"ಅಗಸಿ ಹೊಟ್ಟು ಅದ ನೋಡ್ರಿ. ದನ ಮೂಸಿನೂ ನೋಡಲ್ಲ. ಒಯ್ಯೂದಿದ್ರ ಒಯ್ರಿ, ನನ್ನ ಕಣಾ ಖಾಲಿ ಆಗ್ತದ."

ಅದನ್ನೇ ಒಯ್ದೆವು. ಕೆಳಗೆ ಗೇಣು ದಪ್ಪ ಮುರುಮ ಎನ್ನುವ ಕೆಂಪು ಗರಸು ಮಣ್ಣು, ನೀರು ಇಂಗಿ ಹೋಗಲಿ ಎಂದು. ಅದರ ಮೇಲೆ ಅಗಸೆಯ ಹೊಟ್ಟು ಮತ್ತು ಬಡಿದ ಕಡ್ಡಿ. ಅಗಸೆ ಕಡ್ಡಿ ನಾರಿನದು, ತೇವ ಹೀರುತ್ತದೆ, ಬೇಗ ಕೊಳೆಯುವುದಿಲ್ಲ. ಮೇಲೆ ಹುಲ್ಲಿನ ಚಪ್ಪರ ಹಾಕಿಸಿದೆವು. ದಿನಾ ಮುಂಜಾನೆ ಲಕ್ಕವ್ವ ಕುಂಟುತ್ತ ಬಂದು ಹಾಸನ್ನೆಲ್ಲ ತಿರುವಿ ಹಾಕುತ್ತಿದ್ದಳು. ಹಿಕ್ಕೆ ಹೊಟ್ಟಿನಲ್ಲಿ ಬೆರೆತು ಒಣಗಿ ಪುಡಿಯಾಗುತ್ತಿತ್ತು. ಮಳೆಗಾಲ ಶುರುವಾಯಿತು. ನಾತ ಬರಲಿಲ್ಲ. ರೇವಣಪ್ಪನವರು ದಿನಕ್ಕೊಮ್ಮೆ ಗೋಡೆಗೆ ಬಂದು ಮೂಗು ಅರಳಿಸಿ ನಿಲ್ಲುತ್ತಿದ್ದರು, ಏನೂ ಸಿಗದೆ ಹೊರಳುತ್ತಿದ್ದರು. ಅವರ ಮುಖದಲ್ಲಿ ಸ್ವಲ್ಪ ನಿರಾಸೆ ಇದ್ದಂತೆ ನನಗೆ ಕಾಣುತ್ತಿತ್ತು. ಒಂದು ದಿನ ಅವರೇ, "ಹೊಟ್ಟು ಇನ್ನೊಂದ್ ಗಾಡಿ ಅದ, ಬೇಕಾದ್ರ ಕಳಸ್ತೀನಿ" ಎಂದರು.

ತತ್ತಿ ಸಿಗತೊಡಗಿದವು. ಲಕ್ಕವ್ವ ತನ್ನದೇ ಒಲೆ ಹೂಡಿದಳು. ನಾನು ಹೋದಾಗ ಆ ಒಲೆಯ ಮೇಲಿನ ಚಹಾ ಕುಡಿಯದೆ ಬರಲು ಬಿಡುತ್ತಿರಲಿಲ್ಲ. ನನ್ನ ಇಡೀ ನೌಕರಿಯಲ್ಲಿ ಒಂದು ಕೆಲಸ ಪೂರ್ತಿ ಸರಿಯಾಗಿದೆ ಎಂದು ನನಗೆ ಅನ್ನಿಸಿದ್ದು ಆ ಕೆಲವು ವಾರ ಮಾತ್ರ.

ಶ್ರಾವಣದ ಜಿಟಿಜಿಟಿ ಹಿಡಿಯಿತು. ಅದೇ ಹೊತ್ತಿಗೆ ಜಳಕೋಟದ ಕಡೆ ದನಗಳಿಗೆ ದೊಡ್ಡ ರೋಗ ಬಿತ್ತು, ಮರಾಠಿಯವರು ಬುಳಕಾಂಡಿ ಎನ್ನುವುದು. ಚುಚ್ಚುಮದ್ದು ಹಾಕಲು ನಮ್ಮನ್ನೆಲ್ಲ ಆ ಕಡೆ ಅಟ್ಟಿದರು. ನಾನು ಇಲ್ಲದಾಗ ನಮ್ಮ ಹೊಸ ವಿಸ್ತರಣಾಧಿಕಾರಿಗಳು ಲಕ್ಕವ್ವನ ಹಿತ್ತಲಿಗೆ ಭೇಟಿ ಕೊಟ್ಟರು. ಪುಣೆಯ ಕಡೆಯವರು, ಕನ್ನಡ ಒಂದಕ್ಷರ ಬಾರದು, ಮನುಷ್ಯ ಕೆಟ್ಟವರಲ್ಲ. ಚಪ್ಪರ ಒಂದು ಮೂಲೆಯಲ್ಲಿ ಸೋರಿ ಹಾಸು ತೇವವಾಗಿದ್ದನ್ನು ಕಂಡರು. ತೇವದ ಹಾಸಿನಲ್ಲಿ ಅರಳಿದ ಸುಣ್ಣ ಬೆರೆಸಿದರೆ ಒಣಗುತ್ತದೆ, ಇದು ಪುಸ್ತಕದಲ್ಲಿ ಇರುವುದೇ. ಅವರು ಹೇಳಿದ್ದೂ ಅದನ್ನೇ. "ಕಳೀಚಾ ಚುನಾ ಘೇ, ವಿರವೂನ ಟಾಕ. ಸಮಜಲಂ ಕಾ?" ಎಂದರು. ತಿಳಿಯಿತಾ ಎಂದು ಕೇಳಿದರು. ಲಕ್ಕವ್ವ "ಹೋ ಜೀ" ಎಂದಳು. ಜೀಪು ಹೋಯಿತು.

ಈಗ ಆ ಮಾತನ್ನು ಬಿಡಿಸಿ ಹೇಳಬೇಕು. ಮರಾಠಿಯಲ್ಲಿ ಕಳಿ ಎಂದರೆ ಮೊಗ್ಗು. ಕಳಿಯ ಸುಣ್ಣ ಎಂದರೆ ಇನ್ನೂ ಅರಳದ ಸುಣ್ಣ. ಭಟ್ಟಿಯಿಂದ ತೆಗೆದ ಹರಳು, ನೀರು ಸೋಕಿದರೆ ಕುದಿದು ಚರ್ಮ ಸುಡುವಂಥದು. ನಮ್ಮ ಕನ್ನಡದಲ್ಲಿ ಕಳಿಯುವುದು ಎಂದರೆ ಮೊಗ್ಗು ಹೂವಾಗಿ, ಹೂವು ಕಾಯಾಗಿ, ಕಾಯಿ ಹಣ್ಣಾಗಿ, ಹಣ್ಣು ಹದ ಮೀರಿ ಮೆತ್ತಗಾಗುವುದು. ಒಂದೇ ಸದ್ದು, ಒಂದು ಕಡೆ ಅರಳದ್ದು, ಇನ್ನೊಂದು ಕಡೆ ಮಾಗಿ ಮುಗಿದದ್ದು. ಇನ್ನು 'ವಿರವೂನ ಟಾಕ' ಎಂದರೆ ನೀರಿನಲ್ಲಿ ಅರಳಿಸಿ ಹಾಕು ಎಂದು. ಲಕ್ಕವ್ವನ ಕಿವಿಗೆ ಅದು 'ಹರವಿ ಹಾಕು' ಎಂದು ಬಿತ್ತು. ಸಾಹೇಬರು ಮೊಗ್ಗಿನ ಸುಣ್ಣ ತಂದು ಅರಳಿಸು ಎಂದರು. ಈಕೆ ಅದನ್ನೇ ಕಳಿತ ಸುಣ್ಣ, ಹದವಾಗಿ ಮುಗಿದದ್ದು ಎಂದುಕೊಂಡು ತಂದು ಹಾಗೇ ಹರವಿದಳು.

ಆಕೆಗೆ ಮರಾಠಿ ಬರುತ್ತಿರಲಿಲ್ಲ ಎಂದಲ್ಲ. ಬರದಿದ್ದರೆ ಯಾರನ್ನಾದರೂ ಕೇಳುತ್ತಿದ್ದಳು. ಸಂತೆಯಲ್ಲಿ ಉಣ್ಣೆ ಮಾರುವಷ್ಟು, ಜಗಳವಾಡುವಷ್ಟು ಬರುತ್ತಿತ್ತು. ಗಡಿಯ ಮೇಲಿನ ನಮ್ಮೆಲ್ಲರಿಗೂ ಅರ್ಧ ಬರುವ ಭಾಷೆ ಒಂದಿರುತ್ತದೆ. ಒಂದಕ್ಷರವೂ ಬಾರದ ಭಾಷೆಗಿಂತ ಅದೇ ಹೆಚ್ಚು ಮೋಸ ಮಾಡುತ್ತದೆ. ಹಾಗಾದರೆ ಅರಳದ ಸುಣ್ಣ ಸುಡುತ್ತದೆ ಎಂದು ಹಳ್ಳಿಯವಳಿಗೆ ಗೊತ್ತಿರಲಿಲ್ಲವೇ ಎಂದು ನನ್ನನ್ನು ಆಮೇಲೆ ಬಹಳ ಜನ ಕೇಳಿದರು. ಗೋಡೆ ಇದ್ದವರಿಗೆ ಗೊತ್ತು. ಹಬ್ಬಕ್ಕೆ ಹರಳು ನೆನೆಹಾಕಿ ಗೋಡೆ ಬಳಿದವರಿಗೆ ಗೊತ್ತು. ಲಕ್ಕವ್ವ ಹುಟ್ಟಿದ್ದು ಬೆಳೆದದ್ದು ಹೊಲದ ಬಿಡಾರಗಳಲ್ಲಿ. ಬಳಿಯಲು ಆಕೆಗೆ ಗೋಡೆ ಎಲ್ಲಿತ್ತು?

ನಿಲಂಗಾದ ಅಂಗಡಿಯಲ್ಲಿ ಆಕೆ ಸಾಹೇಬರ ಮಾತಿನಲ್ಲೇ 'ಕಳೀಚಾ ಚುನಾ' ಕೇಳಿದಳು, ಅಂಗಡಿಯವನು ಕೇಳಿದ್ದನ್ನು ಕೊಟ್ಟ. ಆಕೆ ಹರಳುಗಳನ್ನು ಒರಳಲ್ಲಿ ಕುಟ್ಟಿ ಪುಡಿ ಮಾಡಿ, ಹಾಸಿನ ತುಂಬ ಕೈಯಿಂದಲೇ ಹರವಿ, ಕೋಳಿ ಒಳಗೆ ಬಿಟ್ಟಳು. ಮಳೆ ಬಂತು, ಸೋರುವ ಮೂಲೆಯಿಂದ ನೀರು ಹರಿಯಿತು.

ನಾನು ಜಳಕೋಟದಿಂದ ಮರಳಿ ನೇರ ಅಲ್ಲಿಗೇ ಹೋದೆ. ನಾಲ್ಕು ಕೋಳಿ ಬದುಕಿದ್ದವು, ಬದುಕಿದ್ದವು ಎನ್ನಬಹುದಾದರೆ. ಕಾಲಿನ ಹುರುಪೆ ಸುಲಿದು ಕೆಂಪಾಗಿದ್ದವು, ಕಣ್ಣು ಬಾತು ಮುಚ್ಚಿದ್ದವು. ಕೆದರಿ ತಿಂದ ಕೋಳಿಗಳ ಬಾಯಿ ಗಂಟಲು ಬೆಂದಿದ್ದವು. ಸತ್ತವನ್ನು ಆಕೆ ಸಾಲಾಗಿ ಇಟ್ಟು ಮೇಲೆ ತನ್ನ ಕಂಬಳಿ ಹೊದಿಸಿದ್ದಳು. ಹಾಸಿನೊಳಗೆ ಕೈ ಇಟ್ಟೆ, ಇನ್ನೂ ಬೆಚ್ಚಗಿತ್ತು. ಏನು ಹಾಕಿದೆ ಎಂದು ಕೇಳಿದೆ.

"ಸಾಹೇಬ್ರು ಕಳಿತ ಸುಣ್ಣ ಹರವು ಅಂದ್ರು. ಹರವಿದೆ."

"ಕೈ ತೋರ್ಸು."

ಎರಡೂ ಅಂಗೈ ಗುಳ್ಳೆ ಎದ್ದು ಒಡೆದಿದ್ದವು. ಉರಿಯಲಿಲ್ಲವೇ ಎಂದೆ.

"ಉರೀತ್ರೀ. ಸರ್ಕಾರದ ಔಷಧ, ಖಾರ ಇರಬಹುದು ಅಂದ್ಕೊಂಡೆ."

ಉಳಿದ ನಾಲ್ಕನ್ನು ಉಳಿಸಲು ನನಗೆ ಗೊತ್ತಿದ್ದುದೆಲ್ಲ ಮಾಡಿದೆ. ಉಳಿಯಲಿಲ್ಲ. ನಾನು ಆಕೆಗೆ ಆದದ್ದನ್ನು ಆದಂತೆಯೇ ಹೇಳಿದೆ: ಕಳಿ ಎಂದರೆ ಅವರಲ್ಲಿ ಮೊಗ್ಗು, ಸಾಹೇಬರು ಹೇಳಿದ್ದು ಒಂದು, ನಿನಗೆ ಕೇಳಿದ್ದು ಒಂದು, ತಪ್ಪು ನಿನ್ನದಲ್ಲ. ಆಕೆ ಕೇಳಿಸಿಕೊಂಡಳೋ ಇಲ್ಲವೋ, ಕಂಬಳಿ ಝಾಡಿಸಿ ಮಡಿಸಿದಳು.

ಕಚೇರಿಯಲ್ಲಿ ವಿಚಾರಣೆಯಾಯಿತು. ವಿಸ್ತರಣಾಧಿಕಾರಿಗಳು ತಾವು ಹೇಳಿದ ಮಾತನ್ನು ಅಕ್ಷರ ತಪ್ಪದೆ ಮತ್ತೆ ಹೇಳಿದರು, ಸುಳ್ಳು ಹೇಳಲಿಲ್ಲ. ನಾನು ಆ ಪದದ ಎರಡು ಅರ್ಥವನ್ನು ವಿವರಿಸಿದೆ, ಕಾರಣ ಸುಣ್ಣ ಎಂದೇ ಬರೆದು, ಆಕೆಗೆ ಬೇರೆ ಕೋಳಿ ಕೊಡಬೇಕು ಎಂದೆ. ಅವರ ಮುಖ ಬಿಗಿಯಿತು. ಗಡಿಯ ಮಾತು ಕಾದ ಹೆಂಚಿನಂತಿದ್ದ ಕಾಲ ಅದು. ಕನ್ನಡದ ನೌಕರನೊಬ್ಬ ಮರಾಠಿ ಮಾತಿನಿಂದ ಕೋಳಿ ಸತ್ತವು ಎಂದು ಬರೆದರೆ ಮೇಲಿನವರು ಓದುವುದು ಕೋಳಿಯ ವಿಷಯವಲ್ಲ. ಇದು ರಾಜಕಾರಣವಾಗುತ್ತದೆ ಎಂದರು. ಆಮೇಲೆ ಮೃದುವಾಗಿಯೇ, "ರೋಗ ಲಿಹೂ ಯಾ. ಕುಣಾವರಚ ದೋಷ ಯೇತ ನಾಹೀ" ಎಂದರು. ರೋಗ ಎಂದು ಬರೆಯೋಣ, ಯಾರ ಮೇಲೂ ತಪ್ಪು ಬರುವುದಿಲ್ಲ.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ರಾಣಿಖೇತ್ ಎಂದು ಬರೆದರು. ಅದು ಕೋಳಿಗೆ ಬರುವ ಮಹಾ ಸಾಂಕ್ರಾಮಿಕ. ಕತ್ತು ತಿರುಚಿಕೊಳ್ಳುತ್ತದೆ, ಹಸಿರು ಭೇದಿಯಾಗುತ್ತದೆ. ಇಲ್ಲಿ ಒಂದು ಕೋಳಿಯ ಕತ್ತೂ ತಿರುಗಿರಲಿಲ್ಲ. ಕೋಳಿಯ ಕಾಲು ನೋಡಿ ಬನ್ನಿ, ಆ ಹೆಂಗಸಿನ ಕೈ ನೋಡಿ ಬನ್ನಿ, ರಾಣಿಖೇತ್ ಮನುಷ್ಯರ ಅಂಗೈ ಸುಡುತ್ತದೆಯೇ ಎಂದು ನಾನು ಕೂಗಾಡಿದೆ. ಸ್ಟಾಕ್‌ಮನ್ ಕೂಗಿದರೆ ಕೇಳುವವರು ಯಾರು? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಕಚೇರಿ ಅದು.

ರೋಗ ಎಂದು ಬರೆದ ಮೇಲೆ ರೋಗದ ನಿಯಮ ಬರುತ್ತದೆ. ಹಾಸು, ಚಪ್ಪರ, ಬೇಲಿ ಎಲ್ಲ ಸುಡಬೇಕು. ಮುಂದಿನ ಹುಕುಮಿನ ತನಕ ಆ ಹಿತ್ತಲಲ್ಲಿ ಕೋಳಿ ಸಾಕಬಾರದು. ಯೋಜನೆಯ ಕೋಳಿ ಬೇರೆ ಊರಿಗೆ. ಯಾರ ಮೇಲೂ ತಪ್ಪು ಬರಲಿಲ್ಲ ನಿಜ. ಶಿಕ್ಷೆ ಮಾತ್ರ ಲಕ್ಕವ್ವನಿಗೆ ಬಂತು. ಅಗಸೆ ಹೊಟ್ಟಿನಲ್ಲಿ ಎಣ್ಣೆಯ ಪಸೆ ಇರುತ್ತದೆ, ಭಗ್ಗನೆ ಉರಿಯಿತು. ಆಕೆ ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ನೋಡುತ್ತ ನಿಂತಿದ್ದಳು. ಬೆಂಕಿ ಇಕ್ಕಲು ಬಂದವರಲ್ಲಿ ಒಬ್ಬ, ಈ ರೋಗ ಕಾಲಿಗೆ ಅಂಟಿ ಹೋಗುತ್ತದೆ, ಬೇರೆ ಕೋಳಿಗಳ ಹತ್ತಿರ ಹೋಗಬೇಡ ಎಂದು ಆಕೆಗೆ ಮೂರು ಸಲ ತಾಕೀತು ಮಾಡಿದ. ಈ ಸಲ ಅಚ್ಚ ಕನ್ನಡದಲ್ಲಿ.

ನಾನು ರೇವಣಪ್ಪನವರ ಹತ್ತಿರ ಹೋದೆ. ಪಂಚರ ಮುಂದೆ ಅವರೊಬ್ಬರು ಆಕೆಯ ಪರ ನಿಂತರೆ, ನಾಲ್ಕು ನಾಟಿ ಕೋಳಿಯಾದರೂ ಇಟ್ಟುಕೊಳ್ಳಬಹುದಿತ್ತು. ಅವರು ಪೂರ್ತಿ ಕೇಳಿದರು.

"ನೀವು ಹೇಳೂದು ಖರೆ ಇರಬಹುದ್ರೀ. ನನಗ ನಾತನೂ ಬಂದಿಲ್ಲ. ಆದ್ರ ಸರ್ಕಾರದ ಕಾಗದ ರೋಗ ಅಂತದ. ನನ್ನ ಎತ್ತು ಅದಾವ."

"ಆ ರೋಗ ದನಕ್ಕ ಬರಲ್ಲ, ರೇವಣಪ್ಪನವರೇ. ಮೇಲಾಗಿ ಅದು ರೋಗನೇ ಅಲ್ಲ."

"ದೊಡ್ಡ ರೋಗ ಬಂದಾಗ ಕಾಗದ ನಂಬ್ರಿ, ಚುಚ್ಚಿಸ್ರಿ ಅಂತ ಮನಿಮನಿ ತಿರಗಿದವ್ರು ನೀವ. ಈಗ ಕಾಗದ ನಂಬಬ್ಯಾಡ್ರಿ ಅಂದ್ರ ನಾವು ಯಾರ ಮಾತ ಕೇಳೂಣು?"

ದೀಪಾವಳಿ ಕಳೆದು ಹಿಂಡು ಹೊರಟಾಗ ಲಕ್ಕವ್ವ ಮೈದುನನ ಕುರಿಗಳ ಹಿಂದೆ ಹೋದಳು. ಹೂಡಿದ ಒಲೆಯ ಕಲ್ಲುಗಳು ಹಾಗೇ ಉಳಿದವು.

ಕೆಲವು ವರ್ಷಗಳ ಮೇಲೆ ನನ್ನನ್ನು ಒಂದು ಮರುತರಬೇತಿಗೆ ಕಳಿಸಿದರು. ಪಾಠ ಹೇಳುವವರು, ಕೊಳಕು ಹಾಸಿನಿಂದ ರಾಣಿಖೇತ್ ಹೇಗೆ ಹಬ್ಬುತ್ತದೆ ಎಂಬುದಕ್ಕೆ ಉದಾಹರಣೆಯಾಗಿ ಅದೇ ಊರಿನ ಹೆಸರು ಹೇಳಿದರು. ನಾನು ಎದ್ದು ನಿಂತು, ಅದು ಸುಣ್ಣ ಸರ್, ಆ ಹಾಸು ನಾವೇ ಆರಿಸಿದ್ದು, ಅದರಷ್ಟು ಒಣ ಹಾಸು ಈ ತಾಲೂಕಿನಲ್ಲಿ ಇರಲಿಲ್ಲ ಎಂದೆ. ಕೂತುಕೊಳ್ಳಿ ಎಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ನೌಕರಿ ನನಗೆ ಕಲಿಸಿದ್ದು ಎರಡು. ಆಮೇಲೆ ನಿವೃತ್ತಿಯ ತನಕ ನಾನು ಯಾರಿಗೂ 'ತಿಳೀತಾ' ಎಂದು ಕೇಳಲಿಲ್ಲ. ಆ ಪ್ರಶ್ನೆಗೆ ನಮ್ಮ ಜನ ಮರ್ಯಾದೆಗಾಗಿ ಹೌದು ಎನ್ನುತ್ತಾರೆ, ತಿಳಿದದ್ದಕ್ಕಲ್ಲ. 'ಮಾಡಿ ತೋರಿಸು' ಎನ್ನುತ್ತಿದ್ದೆ. ಇನ್ನೊಂದು ಪಾಠ ದೇವಣಿಯ ದನದ ಸಂತೆಯಲ್ಲಿ ಸಿಕ್ಕಿತು, ಅದು ಯಾವ ಕೆಲಸಕ್ಕೂ ಬರಲಿಲ್ಲ.

ಸಂತೆಯ ಬದಿಯಲ್ಲಿ ಕೋಳಿ ಬುಟ್ಟಿಗಳನ್ನು ಸಾಲಾಗಿ ಇಟ್ಟಿದ್ದರು. ಲಕ್ಕವ್ವ ಅವುಗಳಿಂದ ಬಹಳ ದೂರ, ರಸ್ತೆಯ ಆಚೆ, ಕುರಿಗಳ ನಡುವೆ ನಿಂತಿದ್ದಳು. ಕಾಲು ಮೊದಲಿಗಿಂತ ಹೆಚ್ಚು ಓರೆಯಾಗಿತ್ತು. ಕರೆದೆ, ಬರಲಿಲ್ಲ. ನಾನೇ ದಾಟಿ ಹೋದೆ.

"ಆ ಕಡಿ ಬರಲ್ರೀ ಸಲೋತ್ರಿ ಸಾಬ್. ಕೋಳಿ ಅದಾವ. ನನ್ನ ಕಾಲಾಗ ರೋಗ ಇದ್ರ ಅವಕ್ಕ ಹತ್ತೀತು."

"ರೋಗ ಇರಲಿಲ್ಲ ಲಕ್ಕವ್ವ. ಅದು ಸುಣ್ಣ. ಅವತ್ತೇ ಹೇಳಿದ್ನಲ್ಲ ನಿನಗ."

ಆಕೆ ಎರಡೂ ಅಂಗೈ ಬಿಡಿಸಿ ನೋಡಿಕೊಂಡಳು. ಸುಟ್ಟ ಜಾಗ ಬೆಳ್ಳಗೆ, ನುಣ್ಣಗೆ ಉಳಿದಿತ್ತು. ಆಮೇಲೆ ಮುಷ್ಟಿ ಮಾಡಿ ಸೆರಗಿನೊಳಗೆ ಇಟ್ಟುಕೊಂಡಳು.

"ಸುಣ್ಣ ಅಂದ್ರ ನಾನೇ ಈ ಕೈಲಿ ಕೊಂದಂಗ ಆತಲ್ರೀ," ಎಂದಳು. "ರೋಗ ಇರ್ಲಿ ಬಿಡ್ರಿ."